ಲೋಕಸಭೆಗೆ ಯಾವ ಪ್ರಶ್ನೆ?



ಮಾಗಡಿ ತಾಲ್ಲೂಕಿನ ಸಾವನದುರ್ಗ ಒಂದೇ ಬಂಡೆಯ ಬೆಟ್ಟ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರ. ಬುಡದಲ್ಲಿ ವೀರಭದ್ರ ಮತ್ತು ನರಸಿಂಹ ಸ್ವಾಮಿಯ ಗುಡಿಗಳಿವೆ. ಹತ್ತಿ ನಿಂತರೆ ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಜಲಾಶಯ ಕಾಣುತ್ತದೆ. ಈ ಸುತ್ತಿನ ಹಳ್ಳಿಗಳು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ.

ಇಲ್ಲಿನ ಮತದಾರರು ಏನನ್ನು ನೋಡಿ ಮತ ಹಾಕುತ್ತಾರೆ? ಜಾತಿ, ಪಕ್ಷ, ನಾಯಕರು ಎಂದು ಥಟ್ಟನೆ ಹೇಳುವವರಿದ್ದಾರೆ. ಅವು ಇಲ್ಲವೆನ್ನಲಾಗದು. ಆದರೆ ಊರಿನ ಕಷ್ಟಗಳಲ್ಲಿ ಯಾವುದು ಪಂಚಾಯಿತಿಯ ಕೆಲಸ, ಯಾವುದು ವಿಧಾನಸಭೆಯದು, ಯಾವುದು ದೆಹಲಿಯದು ಎಂದು ಬಿಡಿಸಿ ನೋಡುವುದೂ ಅಷ್ಟೇ ಅಗತ್ಯ.

ಮೊದಲು ರೇಷ್ಮೆ. ರಾಮನಗರದ ಗೂಡಿನ ಮಾರುಕಟ್ಟೆಯ ಬೆಲೆಯನ್ನು ಬೆಂಗಳೂರಿನ ಸರ್ಕಾರವೊಂದೇ ನಿರ್ಧರಿಸಲಾರದು. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡಾ 30ರಿಂದ 5ಕ್ಕೆ ಇಳಿಯಿತು. ಚೀನಾದ ರೇಷ್ಮೆ ಅಗ್ಗವಾಯಿತು, ಇಲ್ಲಿ ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇಕಡಾ 15ಕ್ಕೆ ಏರಿಸಲಾಯಿತು. ನೇಕಾರನಿಗೆ ಅಗ್ಗದ ನೂಲು ಬೇಕು, ಹಿಪ್ಪುನೇರಳೆ ಬೆಳೆಯುವವನಿಗೆ ಗೂಡಿಗೆ ಬೆಲೆ ಬೇಕು. ಈ ತಕ್ಕಡಿ ತೂಗುವುದು ಸಂಸತ್ತಿನಲ್ಲಿ.

ಎರಡನೆಯದು ನೀರು. ಅರ್ಕಾವತಿ, ಕುಮುದ್ವತಿ ಸೇರುವಲ್ಲಿ 1933ರಲ್ಲಿ ಬೆಂಗಳೂರಿಗಾಗಿ ತಿಪ್ಪಗೊಂಡನಹಳ್ಳಿ ಜಲಾಶಯವನ್ನು ಕಟ್ಟಲಾಯಿತು. 1974ರಿಂದ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಸುಮಾರು 100 ಕಿಲೋಮೀಟರ್ ದೂರ ಹರಿದು ರಾಜಧಾನಿಗೆ ಹೋಗುತ್ತಿದೆ. ಆ ಕೊಳವೆ ಹಾದುಹೋಗುವ ಸೀಮೆಯ ರೈತನ ಪಾಡೇನು? ಇಲ್ಲಿ ನೆಲದಡಿ ಗ್ರಾನೈಟ್ ಕಲ್ಲು. ಅದರ ಬಿರುಕುಗಳಲ್ಲಿ ನಿಂತಷ್ಟೇ ನೀರು. ಎರಡು ವರ್ಷ ಮಳೆ ಕೈಕೊಟ್ಟರೆ ಕೊಳವೆಬಾವಿ ಬತ್ತುತ್ತದೆ. ಈ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಮಾಗಡಿ, ಕನಕಪುರಗಳ ಜೊತೆಗೆ ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣಗಳೂ ಇವೆ. ನೀರು ಹೋಗುವುದನ್ನು ನೋಡುವವರೂ ಅದನ್ನು ಕುಡಿಯುವವರೂ ಒಬ್ಬರೇ ಸಂಸದರನ್ನು ಆರಿಸುತ್ತಾರೆ. ಕನಕಪುರ ತಾಲ್ಲೂಕಿನ ಮೇಕೆದಾಟು ಅಣೆಕಟ್ಟು ಅಂತರರಾಜ್ಯ ನದಿಯ ವಿಷಯವಾದ್ದರಿಂದ ಕೇಂದ್ರದ ಒಪ್ಪಿಗೆಯಿಲ್ಲದೆ ಮುಂದೆ ಹೋಗದು.

ಮೂರನೆಯದು ಬರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿದ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2024ರ ಏಪ್ರಿಲ್ ಕೊನೆಯಲ್ಲಿ ದೊರೆತದ್ದು ಸುಮಾರು 3,454 ಕೋಟಿ. ಆ ಹೊತ್ತಿಗೆ ಬೇಸಿಗೆಯೇ ಮುಗಿಯುತ್ತ ಬಂದಿತ್ತು.

ಉಚಿತ ಬಸ್ ಪ್ರಯಾಣ, ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, ಇವು ರಾಜ್ಯ ಸರ್ಕಾರದ ಯೋಜನೆಗಳು. ಹೆಣ್ಣುಮಕ್ಕಳ ಮತದ ಮೇಲೆ ಇವುಗಳ ಪ್ರಭಾವವಿರುವುದು ಸಹಜ. ಆದರೂ 2023ರ ವಿಧಾನಸಭಾ ಚುನಾವಣೆಯಲ್ಲಿ ಮಾಗಡಿ, ರಾಮನಗರ, ಕನಕಪುರಗಳು ಕಾಂಗ್ರೆಸ್ಸಿಗೆ ಒಲಿದರೂ, ಮರುವರ್ಷ ಇದೇ ಲೋಕಸಭಾ ಕ್ಷೇತ್ರ ಬಿಜೆಪಿಯ ಅಭ್ಯರ್ಥಿಯಾದ ಹೃದ್ರೋಗತಜ್ಞ ಡಾ. ಸಿ.ಎನ್. ಮಂಜುನಾಥ್ ಅವರನ್ನು ಆರಿಸಿತು. ಜನತಾದಳದ ಮೈತ್ರಿ, ನಗರ ಭಾಗದ ಒಲವು, ಅಭ್ಯರ್ಥಿಯ ಹೆಸರು, ಎಲ್ಲವೂ ಕೆಲಸ ಮಾಡಿರಬಹುದು. ಒಂದಂತೂ ನಿಜ: ಒಂದು ಚುನಾವಣೆಯನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡಲು ಮತದಾರರಿಗೆ ಬರುತ್ತದೆ.

ಆದ್ದರಿಂದ ಮುಂದಿನ ಸಲ ಮತ ಕೇಳಲು ಬಂದವರಲ್ಲಿ ಚರಂಡಿಯ ಮಾತಾಡಿ ಸುಮ್ಮನಾಗಬೇಡಿ. ಅದಕ್ಕೆ ಪಂಚಾಯಿತಿ ಇದೆ. ರೇಷ್ಮೆಯ ಸುಂಕದ ಬಗ್ಗೆ ನಿಮ್ಮ ನಿಲುವೇನು, ಮೇಕೆದಾಟುವಿನಲ್ಲಿ ಕಾಡು ಮುಳುಗುವುದಕ್ಕೂ ನೀರು ಸಿಗುವುದಕ್ಕೂ ಏನು ಹೇಳುತ್ತೀರಿ, ಬರ ಪರಿಹಾರ ಬೆಳೆ ಒಣಗಿದ ತಿಂಗಳಲ್ಲೇ ಬರುವಂತೆ ಯಾವ ನಿಯಮ ಬದಲಿಸುತ್ತೀರಿ ಎಂದು ಕೇಳಿ. ಉತ್ತರಕ್ಕೆ ತಡವರಿಸುವವರು ಯಾರು, ಲೆಕ್ಕವಿಟ್ಟು ಹೇಳುವವರು ಯಾರು ಎಂಬುದು ಜಗಲಿಯ ಮೇಲೇ ತಿಳಿದುಹೋಗುತ್ತದೆ. ಐದು ವರ್ಷಕ್ಕೊಮ್ಮೆ ಸಿಗುವ ಅವಕಾಶ ಅದು.