ಅಟ್ಟದ ಮೇಲಿನ ಆಸ್ತಿ



ಹಳೆಯ ಕಲಾವಸ್ತುಗಳ ಸಂಗ್ರಹವೆಂದರೆ ಅರಮನೆಯವರಿಗೋ ಸಿರಿವಂತರಿಗೋ ಸೇರಿದ ಹವ್ಯಾಸ ಎಂಬ ಭಾವನೆ ಸಾಮಾನ್ಯವಾಗಿದೆ. ಚನ್ನರಾಯಪಟ್ಟಣದ ಸುತ್ತಿನ ಊರುಗಳ ಮಟ್ಟಿಗೆ ಈ ಮಾತು ಅರ್ಧ ಸತ್ಯ ಮಾತ್ರ. ಇಲ್ಲಿನ ಹಳೆಯ ತೊಟ್ಟಿಮನೆಗಳ ಅಟ್ಟವನ್ನೋ ದೇವರ ಕೋಣೆಯನ್ನೋ ಹುಡುಕಿದರೆ ಏನಾದರೊಂದು ಸಿಗುತ್ತದೆ. ಶ್ಯಾನುಭೋಗರ ಓರೆ ಮುಚ್ಚಳದ ಬರೆಯುವ ಪೆಟ್ಟಿಗೆ, ಕಾಳು ಅಳೆಯುವ ಕೊಳಗ, ಉಯ್ಯಾಲೆ ಮಣೆ, ಅಳಗುಳಿಮಣೆ, ದಸರೆಯ ಪಟ್ಟದ ಗೊಂಬೆ, ಗಾಜು ಹಾಕಿದ ದೇವರ ಪಟ. ಮನೆ ಕೆಡವುವ ದಿನ ಮೊದಲು ಬೀದಿಗೆ ಬರುವುದು ಇವೇ. ಮರವಾದರೆ ಮರದ ಬೆಲೆಗೆ, ಹಿತ್ತಾಳೆಯಾದರೆ ತೂಕದ ಬೆಲೆಗೆ ಹೋಗಿಬಿಡುತ್ತವೆ.

ಇವುಗಳಲ್ಲಿ ಬಹಳಷ್ಟು ವಸ್ತುಗಳು ಕೆಟ್ಟು ಮೂಲೆ ಸೇರಿದ್ದಲ್ಲ, ಕೆಲಸ ತಪ್ಪಿ ಮೂಲೆ ಸೇರಿದವು. 1958ರಿಂದ 1962ರ ಒಳಗೆ ದೇಶದಲ್ಲಿ ಮೆಟ್ರಿಕ್ ಅಳತೆ ಜಾರಿಗೆ ಬಂತು. ಪಾವು, ಸೇರು, ಕೊಳಗಗಳಿಗೆ ಅಂಗಡಿಯಲ್ಲಿ ಜಾಗವಿಲ್ಲದಾಯಿತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸುವ ಕಾಯಿದೆ 1961ರಲ್ಲಿ ಆಯಿತು. ಶ್ಯಾನುಭೋಗಿಕೆಯ ಜೊತೆಗೆ ಲೆಕ್ಕದ ಪೆಟ್ಟಿಗೆಯೂ ನಿವೃತ್ತವಾಯಿತು. ಹಾಗಾಗಿ ಒಂದು ಕೊಳಗವನ್ನು ಕೈಗೆತ್ತಿಕೊಂಡರೆ ಒಂದು ಕಾಲದ ಆಡಳಿತ, ವ್ಯಾಪಾರ, ಊಟ ಎಲ್ಲವನ್ನೂ ಎತ್ತಿಕೊಂಡಂತೆ. ಅದರ ಬೆಲೆ ಹಿತ್ತಾಳೆಯಲ್ಲಷ್ಟೇ ಇಲ್ಲ.

ಕಲೆಯನ್ನು ಮೆಚ್ಚುವುದಕ್ಕೆ ಮೊದಲು ನೋಡುವುದನ್ನು ಕಲಿಯಬೇಕು. ಅದಕ್ಕೆ ಈ ತಾಲ್ಲೂಕಿನವರು ದೂರ ಹೋಗಬೇಕಿಲ್ಲ. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವೇ ಒಳ್ಳೆಯ ಪಾಠಶಾಲೆ. ಹೊಯ್ಸಳ ದೊರೆ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ 1246ರಲ್ಲಿ ಕಟ್ಟಿಸಿದ ಈ ಗುಡಿಯ ಗೋಡೆಗಳಲ್ಲಿ ಬೈಚೋಜ ಮತ್ತು ಮಲ್ಲಿತಮ್ಮ ಎಂಬ ಇಬ್ಬರು ರೂವಾರಿಗಳ ಹೆಸರುಗಳಿವೆ. ದಕ್ಷಿಣದ ಕಡೆ ಹೆಚ್ಚಾಗಿ ಬೈಚೋಜನದು, ಉತ್ತರದ ಕಡೆ ಹೆಚ್ಚಾಗಿ ಮಲ್ಲಿತಮ್ಮನದು. ಕಲ್ಲು ಒಂದೇ, ಕಾಲ ಒಂದೇ, ಕೆತ್ತಿದ್ದೂ ಅವೇ ದೇವತೆಗಳನ್ನು. ಎರಡೂ ಕಡೆಯ ಮುಖ, ಆಭರಣ, ತಲೆಯ ಮೇಲಿನ ಬಳ್ಳಿಯನ್ನು ಸಾವಕಾಶವಾಗಿ ಹೋಲಿಸಿ ನೋಡಿದವರಿಗೆ ಒಂದು ಕೈ ಇನ್ನೊಂದು ಕೈಯಿಂದ ಹೇಗೆ ಬೇರೆಯಾಗುತ್ತದೆ ಎಂಬುದು ತಿಳಿಯತೊಡಗುತ್ತದೆ. ಕಲಾಪರಿಶೀಲನೆಯ ಗುಟ್ಟು ಇಷ್ಟೇ: ವಸ್ತುವಿನಲ್ಲಿ ಕೈಯನ್ನು ಗುರುತಿಸುವುದು.

ಮರದ ಸಾಮಾನಿಗೂ ಇದೇ ನಿಯಮ. ಹಳೆಯ ಕುರ್ಚಿ, ಮೇಜುಗಳ ಮುಂಭಾಗಕ್ಕಿಂತ ಹಿಂಭಾಗ, ಅಡಿಭಾಗಗಳೇ ಹೆಚ್ಚು ಮಾತಾಡುತ್ತವೆ. ಕೈಗರಗಸದ ಗುರುತು ನೇರವಾಗಿ, ತುಸು ಏರುಪೇರಾಗಿ ಇರುತ್ತದೆ. ಯಂತ್ರದ ದುಂಡು ಗರಗಸ ಕಮಾನಿನಂಥ ಗೆರೆ ಬಿಡುತ್ತದೆ. ಬೆಳಕೂ ಕೈಯೂ ತಾಗುವ ಕಡೆ ಮರದ ಬಣ್ಣ ಬದಲಾಗಿರುತ್ತದೆ, ತಾಗದ ಕಡೆ ಬೇರೆಯೇ ಇರುತ್ತದೆ. ಸೆಳೆಖಾನೆಯ ಒಳಗೂ ಹೊರಗೂ ಒಂದೇ ಕಪ್ಪು ಇದ್ದರೆ ಬಣ್ಣ ಬಳಿದಿರಬಹುದೆಂದು ಸಂಶಯ ಪಡಬೇಕು. ಮರ ಎಳೆಗೆ ಅಡ್ಡಲಾಗಿ ಕುಗ್ಗುವುದರಿಂದ ಹಳೆಯ ದುಂಡು ಮೇಜಿನ ಹಲಗೆಯನ್ನು ಎರಡು ದಿಕ್ಕಿನಲ್ಲಿ ಅಳೆದರೆ ಸ್ವಲ್ಪ ವ್ಯತ್ಯಾಸ ಕಾಣುತ್ತದೆ. ಮೈಸೂರಿನ ಬೀಟೆ ಮರದ ಕುಸುರಿ ಕೆಲಸದಲ್ಲಿ ಹಿಂದೆ ದಂತವನ್ನು ಕೂರಿಸುತ್ತಿದ್ದರು. 1986ರಲ್ಲಿ ಭಾರತೀಯ ದಂತದ, 1991ರಲ್ಲಿ ಆಮದು ದಂತದ ವ್ಯಾಪಾರ ನಿಷೇಧವಾದ ಮೇಲೆ ಆ ಜಾಗಕ್ಕೆ ಪ್ಲಾಸ್ಟಿಕ್ ಬಂತು. ‘ನೂರು ವರ್ಷ ಹಳೆಯದು’ ಎನ್ನುವ ಪೆಟ್ಟಿಗೆಯ ಬಿಳಿ ಹೂವು ಪ್ಲಾಸ್ಟಿಕ್ಕಿನದಾದರೆ ಪ್ರಶ್ನೆ ಕೇಳಲೇಬೇಕು.

ದೇವರ ಪಟಗಳಲ್ಲಿ ಇನ್ನೂ ಎಚ್ಚರ ಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಮೈಸೂರು ಸಾಂಪ್ರದಾಯಿಕ ಚಿತ್ರದಲ್ಲಿ ಉಬ್ಬು ಕೆಲಸ ತೆಳು, ಚಿನ್ನದ ರೇಕು ನವಿರು. ತಂಜಾವೂರಿನ ಚಿತ್ರದಲ್ಲಿ ಉಬ್ಬು ದಪ್ಪ, ಕಲ್ಲು ಗಾಜುಗಳ ಮೆರುಗು ಹೆಚ್ಚು. ಮನೆಮನೆಯಲ್ಲಿ ಕಾಣುವ ಅನೇಕ ಪಟಗಳು ಇವೆರಡೂ ಅಲ್ಲ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮರ ಮುದ್ರಣಾಲಯದಂಥ ಕಡೆ ಅಚ್ಚಾದವು. ಭೂತಗನ್ನಡಿ ಹಿಡಿದರೆ ಅಚ್ಚಿನ ಸಣ್ಣ ಚುಕ್ಕೆಗಳು ಕಾಣುತ್ತವೆ. ಅಚ್ಚಾದದ್ದೆಂದು ಅದನ್ನು ಎಸೆಯಬೇಕಿಲ್ಲ. ಅದಕ್ಕೂ ತನ್ನದೇ ಚರಿತ್ರೆಯಿದೆ. ಆದರೆ ಉಬ್ಬು ಚಿನ್ನದ ಚಿತ್ರವನ್ನು ಹಬ್ಬಕ್ಕೆಂದು ಒದ್ದೆ ಬಟ್ಟೆಯಲ್ಲಿ ಒರೆಸುವುದು ಅದನ್ನು ಕೊಂದಂತೆ. ಹಳೆಯ ಮರಕ್ಕೆ ಹೊಸ ವಾರ್ನಿಷು ಬಳಿಯುವುದೂ ಹಾಗೆಯೇ. ತಲೆಮಾರುಗಳ ಕೈ ತಾಗಿ ಬಂದ ಹೊಳಪು ಅದರಡಿ ಹೂತುಹೋಗುತ್ತದೆ.

ಸಂಗ್ರಹಕಾರ ಹೇಗಿರಬೇಕು ಎಂಬುದಕ್ಕೆ ನೆರೆಯ ನಾಗಮಂಗಲ ತಾಲ್ಲೂಕಿನಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ಮಾದರಿ. ಸರ್ಕಾರಿ ಅಧಿಕಾರಿಯಾಗಿದ್ದ ಅವರು ಹಳ್ಳಿಯವರ ಹಾಡು ಕಥೆಗಳ ಜೊತೆಗೆ ಬಳಕೆಯ ವಸ್ತುಗಳನ್ನೂ ಕೂಡಿಸಿದರು. ಅವರ ಕನಸಿನ ಜಾನಪದ ಲೋಕ ರಾಮನಗರದ ಬಳಿ 1994ರಲ್ಲಿ ತೆರೆಯಿತು. ಮೈಸೂರಿನ ಜಯಲಕ್ಷ್ಮೀ ವಿಲಾಸದ ಜಾನಪದ ವಸ್ತುಸಂಗ್ರಹಾಲಯಕ್ಕೆ ದುಡಿದ ಪಿ.ಆರ್. ತಿಪ್ಪೇಸ್ವಾಮಿಯವರು ಸ್ವತಃ ಚಿತ್ರಕಲಾವಿದರು. ನೊಗವನ್ನೂ ಒನಕೆಯನ್ನೂ ಕಲೆಯೆಂದು ಕಾಣುವ ಕಣ್ಣು ಇಂಥವರಿಗಿತ್ತು.

ಇಲ್ಲಿ ಕಾನೂನನ್ನೂ ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ಕಲಾವಸ್ತು, ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಇದರ ವ್ಯಾಪ್ತಿಗೆ ಬರುತ್ತವೆ. ಮನೆಯಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಆದರೆ ಹಳೆಯ ವಿಗ್ರಹ, ಚಿತ್ರ, ಸಚಿತ್ರ ಹಸ್ತಪ್ರತಿಗಳನ್ನು ನೋಂದಾಯಿಸಬೇಕು. ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಗುಡಿಯ, ಬಸದಿಯ ವಿಗ್ರಹ ಎಲ್ಲಿಂದ ಬಂತೆಂದು ಹೇಳಲಾಗದವರಿಂದ ಕೊಳ್ಳುವುದು ಕಳ್ಳತನಕ್ಕೆ ಕೈಗೂಡಿಸಿದಂತೆ.

‘ಎಲ್ಲಿಂದ ಬಂತು’ ಎಂಬ ಈ ಮಾತೇ ಎಲ್ಲಕ್ಕಿಂತ ಮುಖ್ಯ. ನಮ್ಮ ಸೀಮೆಯ ಕಂಬ, ಬಾಗಿಲುವಾಡಗಳು ದೂರದ ಹೋಟೆಲಿನ ಅಲಂಕಾರವಾದಾಗ ಮರ ಉಳಿದೀತು. ಯಾವ ಊರಿನದು, ಯಾರ ಮನೆಯದು, ಮಾಡಿದ ಆಚಾರಿ ಯಾರು ಎಂಬುದು ಅಳಿಸಿಹೋಗುತ್ತದೆ. ಆ ಸಂಗತಿ ಬಲ್ಲವರು ಮನೆಯ ಅಜ್ಜಿ ಅಜ್ಜಂದಿರು. ಅವರು ಹೋದರೆ ಯಾವ ತಜ್ಞನೂ ಅದನ್ನು ಮರಳಿ ತರಲಾರ.

ಎಲ್ಲ ಹಳತನ್ನೂ ಉಳಿಸಿಕೊಳ್ಳಿ ಎನ್ನುವುದು ಅವ್ಯವಹಾರಿಕ. ಪಾಲಾದ ಮನೆಗೆ ಜಾಗವಿಲ್ಲ, ಮದುವೆಗೋ ಓದಿಗೋ ಹಣ ಬೇಕು, ಮಾರುವುದು ಅಪರಾಧವಲ್ಲ. ಆದರೆ ಮಾರುವ ಮುನ್ನ ಒಂದು ಫೋಟೋ ತೆಗೆದು, ವಸ್ತುವಿನ ಹೆಸರು, ಊರು, ಬಳಸಿದವರು, ಮಾಡಿದವರು, ಅಳತೆ ಇಷ್ಟನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡುವುದಕ್ಕೆ ಅರ್ಧ ಗಂಟೆ ಸಾಕು. ಒಂದು ಪ್ರತಿ ಕೊಳ್ಳುವವರಿಗೆ, ಒಂದು ಪ್ರತಿ ಮನೆಗೆ. ಬರೆದಿಟ್ಟ ಪೆಟ್ಟಿಗೆ ಎಲ್ಲಿಗೆ ಹೋದರೂ ಚನ್ನರಾಯಪಟ್ಟಣದ ಪೆಟ್ಟಿಗೆಯಾಗಿಯೇ ಉಳಿಯುತ್ತದೆ. ಬರೆಯದೆ ಹೋದದ್ದು ಬರೀ ಹಳೆಯ ಮರ.