ನಾಲ್ಕು ಗೋಪುರಗಳ ನಡುವೆ ಒಂದು ಹಗಲಿನ ನಡಿಗೆ

ಬೆಂಗಳೂರನ್ನು ಒಂದೇ ಹಗಲಿನಲ್ಲಿ, ಜೊತೆಗಾರರಿಲ್ಲದೆ, ಕಾಲ್ನಡಿಗೆಯಲ್ಲಿ ನೋಡಬಯಸುವವರು ವಿಧಾನಸೌಧದಿಂದ ಕಬ್ಬನ್ ಉದ್ಯಾನಕ್ಕೆ, ಅಲ್ಲಿಂದ ಟಿಪ್ಪುವಿನ ಬೇಸಿಗೆ ಅರಮನೆಗೆ ಸಾಗುವುದು ವಾಡಿಕೆಯಾಗಿದೆ. ಈ ಉಪನ್ಯಾಸವು ಸೂಚಿಸುವ ದಾರಿ ಬೇರೆ. ಅದು ಮೇಖ್ರಿ ವೃತ್ತದ ಸಮೀಪ, ಹಲಸೂರು ಕೆರೆಯ ಬಳಿ, ಲಾಲ್‌ಬಾಗಿನ ಬಂಡೆಯ ಮೇಲೆ ಮತ್ತು ಕೆಂಪಾಂಬುಧಿ ಕೆರೆಯ ಪಕ್ಕದಲ್ಲಿ ನಿಂತಿರುವ ಕೆಂಪೇಗೌಡ ಗೋಪುರಗಳನ್ನು ಪೇಟೆಯ ಮೂಲಕ ಜೋಡಿಸುವ, ಸುಮಾರು 20 ಕಿಲೋಮೀಟರಿನ ದಾರಿ. ಇಲ್ಲಿ ಗೋಪುರವೆಂದರೆ ದೇವಾಲಯದ ಮಹಾದ್ವಾರದ ಮೇಲೆ ಏಳುವ ರಾಯಗೋಪುರವಲ್ಲ, ಪುಟ್ಟ ಕಲ್ಲುಮಂಟಪದ ಮೇಲೆ ಶಿಖರವಿಟ್ಟು ಕಟ್ಟಿದ ಚಿಕ್ಕ ಕಟ್ಟಡ.

ಇವುಗಳನ್ನು ಇಮ್ಮಡಿ ಕೆಂಪೇಗೌಡನು ಊರಿನ ನಾಲ್ಕು ದಿಕ್ಕುಗಳಲ್ಲಿ ಎಲ್ಲೆಯ ಗುರುತಾಗಿ ಕಟ್ಟಿಸಿದನೆಂದೂ, ನಗರವು ಅಲ್ಲಿಯವರೆಗೆ ಬೆಳೆಯುತ್ತದೆಂಬ ಭವಿಷ್ಯವಾಣಿ ಇತ್ತೆಂದೂ ಬೆಂಗಳೂರಿನ ಮಕ್ಕಳೆಲ್ಲ ಕೇಳಿ ಬೆಳೆದಿದ್ದಾರೆ. ಆದರೆ ನಡೆದು ನೋಡಿದವರ ಕಾಲುಗಳು ಈ ಮಾತನ್ನು ಒಪ್ಪುವುದಿಲ್ಲ. ಹಳೆಯ ಊರಿನ ನಡುಮಧ್ಯವಾದ ದೊಡ್ಡಪೇಟೆ, ಅಂದರೆ ಇಂದಿನ ಅವೆನ್ಯೂ ರಸ್ತೆ, ಮತ್ತು ಚಿಕ್ಕಪೇಟೆ ಕೂಡುವ ಚೌಕದಿಂದ ಲಾಲ್‌ಬಾಗಿನ ಗೋಪುರವೂ ಕೆಂಪಾಂಬುಧಿಯ ಗೋಪುರವೂ ನೇರ ಅಳತೆಯಲ್ಲಿ 3 ಕಿಲೋಮೀಟರಿನೊಳಗೇ ಸಿಗುತ್ತವೆ. ಹಲಸೂರಿನದು ಮತ್ತು ಮೇಖ್ರಿ ವೃತ್ತದ್ದು ಸುಮಾರು 5 ಕಿಲೋಮೀಟರು ದೂರದಲ್ಲಿವೆ. ದಿಕ್ಕುಗಳ ಮಾತಂತೂ ಇನ್ನೂ ಸಡಿಲ: ಒಂದು ಉತ್ತರಕ್ಕೆ, ಒಂದು ಪೂರ್ವಕ್ಕೆ ಇದ್ದರೆ, ಉಳಿದೆರಡೂ ದಕ್ಷಿಣದ ಮಗ್ಗುಲಲ್ಲೇ ಇವೆ, ನೇರ ಪಶ್ಚಿಮದಲ್ಲಿ ಒಂದೂ ಇಲ್ಲ. ಊರಿಗೆ ಎಲ್ಲೆ ಹಾಕಲು ಹೊರಟವನೊಬ್ಬನು ಒಂದು ದಿಕ್ಕನ್ನೇ ಬಿಟ್ಟುಬಿಟ್ಟನೆಂದು ನಂಬುವುದು ಕಷ್ಟ. ನಕಾಶೆಯ ಮೇಲೆ ದೂರಗಳ ಈ ಅಸಮತೆ ಕಣ್ಣಿಗೆ ಬಿದ್ದರೂ ಮನಸ್ಸಿಗೆ ನಾಟುವುದಿಲ್ಲ. ಹಲಸೂರಿನಿಂದ ಪೇಟೆಯವರೆಗಿನ ದಣಿವನ್ನು ಪೇಟೆಯಿಂದ ಲಾಲ್‌ಬಾಗಿನವರೆಗಿನ ದಣಿವಿನೊಡನೆ ಒಂದೇ ದಿನದಲ್ಲಿ ಹೋಲಿಸಿದಾಗ ಮಾತ್ರ ನಾಟುತ್ತದೆ. ಮಾತಿಗೆ ಯಾರೂ ಇಲ್ಲದ ನಡಿಗೆಯಲ್ಲಿ ಈ ಹೋಲಿಕೆ ಇನ್ನಷ್ಟು ಸ್ಪಷ್ಟವಾಗುತ್ತದೆ.

ಹಾಗಾದರೆ ಎಲ್ಲೆ ಎಲ್ಲಿತ್ತು ಎಂಬುದಕ್ಕೆ ಪೇಟೆಯೇ ಸಾಕ್ಷಿ. 1537ರಲ್ಲಿ ಹಿರಿಯ ಕೆಂಪೇಗೌಡನು ಕಟ್ಟಿದನೆನ್ನಲಾದ ಊರಿಗೆ ಮಣ್ಣಿನ ಗೋಡೆ, ಕಂದಕ, ಅದರಾಚೆಗೆ ದಟ್ಟವಾದ ಮುಳ್ಳುಬೇಲಿ ಇದ್ದವು. 1791ರ ಮಾರ್ಚ್ 7ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೇನೆ ಪೇಟೆಗೆ ನುಗ್ಗಿದಾಗ ಒಡೆಯಬೇಕಾಗಿ ಬಂದದ್ದು ಇದೇ ರಕ್ಷಣೆಯನ್ನು. ಅದೇ ತಿಂಗಳ 21ರಂದು ಕೋಟೆಯೂ ಬಿತ್ತು. ಮಾರ್ಚ್ 7ರಂದು ದಾಳಿಗೊಳಗಾದ ಹಲಸೂರು ಬಾಗಿಲಿನ ಹೆಸರನ್ನು ಇಂದು ಒಂದು ಪೊಲೀಸ್ ಠಾಣೆ ಉಳಿಸಿಕೊಂಡಿದೆ. ಸಿದ್ದಿಕಟ್ಟೆ ಕೆರೆಯಿದ್ದ ಕಡೆ ಕೃಷ್ಣರಾಜೇಂದ್ರ ಮಾರುಕಟ್ಟೆಯೂ, ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವೂ ಬಂದಿರುವುದನ್ನು ಸಭಿಕರಿಗೆ ನೆನಪಿಸಬೇಕಾಗಿಲ್ಲ.

ಸ್ಥಳಕ್ಕೆ ಹೋಗಿ ಕಲ್ಲನ್ನು ನೋಡಿಯೇ ಮಾತನಾಡಬೇಕೆಂಬ ಪಾಠವನ್ನು ಕನ್ನಡ ವಿದ್ವತ್ತಿಗೆ ಕಲಿಸಿದ ಗುರುಗಳನ್ನು ಇಲ್ಲಿ ಸ್ಮರಿಸದೆ ಮುಂದೆ ಹೋಗಲಾಗದು. ಶಾಸನತಜ್ಞ ಬಿ.ಎಲ್. ರೈಸ್ ಅವರ ನಂತರ ಮೈಸೂರು ಪುರಾತತ್ವ ಇಲಾಖೆಯನ್ನು ನಡೆಸಿದ ಆರ್. ನರಸಿಂಹಾಚಾರ್ಯರು ಕವಿಚರಿತೆಯನ್ನು ಬರೆದ ವಿದ್ವಾಂಸರಾಗಿದ್ದರೂ ಗ್ರಂಥಗಳ ನಡುವೆಯೇ ಕುಳಿತವರಲ್ಲ. ಕಲ್ಲನ್ನು ನೋಡಿ ಮಾತನಾಡುವುದರ ಫಲಕ್ಕೆ ಒಂದು ನಿದರ್ಶನ: ಸುಮಾರು 890ರ ಬೇಗೂರಿನ ವೀರಗಲ್ಲು ಬೆಂಗಳೂರಿನ ಕಾಳಗವೊಂದನ್ನು ಹೆಸರಿಸುತ್ತದೆ. ಹಾಗಾಗಿ ಊರಿನ ಹೆಸರು ಕೆಂಪೇಗೌಡನಿಗಿಂತ ಆರು ಶತಮಾನಗಳಿಗೂ ಹಿಂದಿನದೆಂದು ಇಂದು ಧೈರ್ಯವಾಗಿ ಹೇಳಬಹುದಾಗಿದೆ. ಒಂದು ಕಲ್ಲು ಊರಿನ ಹೆಸರಿನ ಬಗೆಗಿನ ಹಳೆಯ ಐತಿಹ್ಯವನ್ನು ಅಲುಗಿಸಿತೆಂದಾದರೆ, ನಾಲ್ಕು ಗೋಪುರಗಳನ್ನು ಅವುಗಳ ಜಾಗದಲ್ಲೇ ಪ್ರಶ್ನಿಸುವುದು ಆ ಪರಂಪರೆಗೆ ಸಲ್ಲಿಸುವ ಗೌರವವೇ ಆಗಿದೆ.

ಈ ಉಪನ್ಯಾಸದ ಒಲವು ಹೀಗಿದೆ: ಅವು ಎಲ್ಲೆಕಲ್ಲುಗಳಲ್ಲ, ಕೆರೆಗಳನ್ನೂ ಊರಿಗೆ ಬರುವ ದಾರಿಗಳನ್ನೂ ಎತ್ತರದಿಂದ ಕಾಯುವ ನೆಲೆಗಳು. ಸುಮಾರು 300 ಕೋಟಿ ವರ್ಷ ಹಳೆಯದೆನ್ನಲಾದ, ಭೂವಿಜ್ಞಾನಿಗಳು ಪೆನಿನ್ಸುಲರ್ ನೈಸ್ ಎಂದು ಕರೆಯುವ ಪಟ್ಟೆಪಟ್ಟೆಯ ಶಿಲೆಯ ಲಾಲ್‌ಬಾಗ್ ಬಂಡೆಯನ್ನು ಏರಿದವರಿಗೆ ಕಾವಲಿಗೆ ಇದಕ್ಕಿಂತ ತಕ್ಕ ಜಾಗ ಸುತ್ತಮುತ್ತ ಇರಲಾರದೆಂದು ತೋರುತ್ತದೆ. ಮೂರು ಗೋಪುರಗಳ ಮಗ್ಗುಲಲ್ಲಿ ಇಂದಿಗೂ ನೀರಿದೆ.

ಆದರೆ ಮೇಖ್ರಿ ವೃತ್ತದ ಗೋಪುರವು ಯಾವ ಕೆರೆಯನ್ನು ಕಾಯುತ್ತಿತ್ತು? ಸ್ಯಾಂಕಿ ಕೆರೆಯಾದರೋ 19ನೆಯ ಶತಮಾನದ್ದು. ಕಾವಲಿಗಷ್ಟೇ ಕಟ್ಟಿದ್ದಾದರೆ ಶಿಖರದ ಅಲಂಕಾರವೇಕೆ? ನಾಲ್ಕನ್ನೂ ಒಬ್ಬನೇ, ಒಂದೇ ಉದ್ದೇಶದಿಂದ ಕಟ್ಟಿಸಿದನೆಂದು ಹೇಳುವ ಆಧಾರ ಎಷ್ಟು ಗಟ್ಟಿ? ಈ ಪ್ರಶ್ನೆಗಳು ಉಳಿದಿರುವವರೆಗೆ ಮೇಲಿನ ವಾದವನ್ನು ಒಲವೆಂದೇ ಕರೆಯಬೇಕು, ನಿರ್ಣಯವೆಂದಲ್ಲ. ಸಭಿಕರಲ್ಲಿ ಶಕ್ತಿಯಿರುವವರು ಒಂದು ದಿನ ಬೆಳಗ್ಗೆ ಬೇಗ ಹೊರಟು, ಈ ನಾಲ್ಕನ್ನೂ ನಡೆದು ನೋಡಿ, ಪ್ರತಿಯೊಂದರ ಅಳತೆಯನ್ನೂ ಅಲ್ಲಿಂದ ಕಾಣುವುದನ್ನೂ ಬರೆದುಕೊಂಡು ಬರಬೇಕೆಂದು ವಿನಂತಿ.