ಉರುಳಿಗೆ ಬಿದ್ದ ಕೊಂಡುಕುರಿ

(ಮೊಳಕಾಲ್ಮೂರು ತಾಲೂಕಿನ ಮಸೀದಿಯೊಂದರಲ್ಲಿ ಜುಮಾ ಖುತ್ಬಾಕ್ಕೆ ಮುನ್ನ ನೀಡಿದ ಬಯಾನ್‌ನ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಆತನ ಪ್ರವಾದಿಯವರ(ಸ) ಮೇಲೆ ಸಲಾತ್, ಸಲಾಮ್.



ನಮ್ಮ ಜಟಿಂಗ ರಾಮೇಶ್ವರ ಬೆಟ್ಟದ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. ಎರಡು ಸಾವಿರ ವರ್ಷಕ್ಕೂ ಹಳೆಯದು, ಅಕ್ಷರ ಬಹಳ ಸವೆದಿದೆ. ಪಕ್ಕದ ಬ್ರಹ್ಮಗಿರಿಯಲ್ಲಿ ಅದೇ ಉಪದೇಶ ಇನ್ನೂ ಓದಲು ಸಿಗುತ್ತದೆ: ತಂದೆತಾಯಿಗೆ ವಿಧೇಯತೆ, ಜೀವಿಗಳ ಮೇಲೆ ದಯೆ, ಸತ್ಯದ ಮಾತು. ಇಂದು ನಡುವಿನದನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

ಈ ಕಲ್ಲುಬೆಟ್ಟಗಳ ಕರಡಿಯನ್ನೇ ನೋಡಿ. ಅದರ ಮೇಲ್ದವಡೆಯಲ್ಲಿ ಮುಂದಿನ ಎರಡು ಹಲ್ಲುಗಳೇ ಇಲ್ಲ. ನಮಗಾದರೆ ಅದು ಕೊರತೆ, ಕರಡಿಗೆ ಅನ್ನದ ದಾರಿ. ಉಗುರಿನಿಂದ ಹುತ್ತ ಒಡೆಯುತ್ತದೆ, ಮಣ್ಣನ್ನು ಊದುತ್ತದೆ, ಮೂಗಿನ ಹೊಳ್ಳೆ ಮುಚ್ಚಿಕೊಂಡು ಆ ಸಂದಿಯಿಂದ ಗೆದ್ದಲನ್ನು ಹೀರುತ್ತದೆ. ಹೀರುವ ಸದ್ದು ನೂರು ಮೀಟರ್ ಆಚೆಗೂ ಕೇಳುತ್ತದೆ. ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಮರಿಗಳು ಅದರ ಉದ್ದ ಕೂದಲನ್ನು ಗಟ್ಟಿಯಾಗಿ ಹಿಡಿದಿರುತ್ತವೆ. ಕರಡಿಯಿಂದ ಗಾಯಗೊಂಡವರ ನೋವನ್ನು ನಾನು ಸಣ್ಣದು ಮಾಡುತ್ತಿಲ್ಲ. ಆದರೆ ನೆಲದ ಮೇಲಿನ ಪ್ರಾಣಿ, ರೆಕ್ಕೆಯ ಹಕ್ಕಿ ಎಲ್ಲವೂ ನಮ್ಮಂತೆಯೇ ಸಮುದಾಯಗಳು ಎಂದು ಸೂರಃ ಅಲ್‌ಅನ್‌ಆಮ್‌ನ 38ನೇ ಸೂಕ್ತ ತಿಳಿಸುತ್ತದೆ. ಅದರಲ್ಲಿ ಕರಡಿಯೂ ಬಂತು.

ಇನ್ನು ಕೊಂಡುಕುರಿ. ಗಂಡಿಗೆ ನಾಲ್ಕು ಕೊಂಬು: ಎರಡು ಕಿವಿಗಳ ನಡುವೆ, ಎರಡು ಅದಕ್ಕೂ ಮುಂದೆ ಹಣೆಯ ಮೇಲೆ. ತೂಕ ಇಪ್ಪತ್ತು ಕೆಜಿ ಆಸುಪಾಸು. ಭಾರತ, ನೇಪಾಳ ಬಿಟ್ಟರೆ ಕಾಡಿನಲ್ಲಿ ಬೇರೆಲ್ಲೂ ಇಲ್ಲ. ಇದಕ್ಕಾಗಿಯೇ ಜಗಳೂರು ತಾಲೂಕಿನ ರಂಗಯ್ಯನದುರ್ಗದಲ್ಲಿ 2011ರಲ್ಲಿ ವನ್ಯಧಾಮ ಮಾಡಿದರು.

ಹೋದ ವಾರ ಒಬ್ಬ ಯುವಕ ಬಂದು ಕೇಳಿದ: “ಹಜ್ರತ್, ಹಂದಿ ಕಾಟಕ್ಕೆ ಹೊಲದ ಬದುವಿಗೆ ತಂತಿ ಉರುಳು ಹಾಕಿದ್ದೆ. ಕೊಂಡುಕುರಿ ಬಿದ್ದು ಸತ್ತಿದೆ. ಅದು ಹುಲ್ಲು ಮೇಯುವ ಪ್ರಾಣಿ, ಹಲಾಲ್ ಅಲ್ಲವೇ?”

ಉಸಿರುಗಟ್ಟಿ ಸತ್ತದ್ದು ಹರಾಮ್. ಸೂರಃ ಅಲ್‌ಮಾಇದಃದ 3ನೇ ಸೂಕ್ತದಲ್ಲಿ ಹೆಸರು ಹಿಡಿದೇ ಹೇಳಿದೆ. “ಜೀವ ಇರುವಾಗಲೇ ಝಬಹ್ ಮಾಡಿದ್ದರೆ?” ಅಂದ. ಪ್ರಶ್ನೆ ಒಳ್ಳೆಯದೇ, ಫಿಕ್ಹ್‌ನಲ್ಲಿ ಅದಕ್ಕೆ ಅವಕಾಶವಿದೆ. ಆದರೆ 1972ರ ವನ್ಯಜೀವಿ ಕಾಯ್ದೆ ಈ ಪ್ರಾಣಿಯ ಬೇಟೆಯನ್ನು ನಿಷೇಧಿಸಿದೆ. ಕರಾರು ಪಾಲಿಸಿ ಎಂಬ ಆಜ್ಞೆಯಿಂದಲೇ ಆ ಸೂರಃ ಆರಂಭವಾಗುತ್ತದೆ. ನಾಡಿನ ಕಾನೂನಿನೊಂದಿಗೆ ನಮ್ಮದೂ ಒಂದು ಕರಾರು.

ಮಾಂಸದ ಮಾತು ಬಿಡಿ. ಬೆಕ್ಕನ್ನು ಕಟ್ಟಿಹಾಕಿ, ತಾನೂ ತಿನ್ನಿಸದೆ, ನೆಲದ ಹುಳಹುಪ್ಪಟೆ ತಿನ್ನಲೂ ಬಿಡದೆ ಕೊಂದ ಹೆಣ್ಣು ನರಕಕ್ಕೆ ಗುರಿಯಾದಳೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಇಡೀ ರಾತ್ರಿ ತಂತಿಯಲ್ಲಿ ಒದ್ದಾಡುವ ಪ್ರಾಣಿಯ ಸ್ಥಿತಿ ಅದಕ್ಕಿಂತ ಬೇರೆಯೇ? ಹಂದಿಗೆ ಹಾಕಿದ ಉರುಳಿಗೆ ಹಂದಿ ಯಾವುದು, ಕರಡಿಮರಿ ಯಾವುದು ಗೊತ್ತಿಲ್ಲ. ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಪರಿಹಾರಕ್ಕೆ ಅವಕಾಶವಿದೆ. ಅಲೆದಾಟ ಇದ್ದೇ ಇದೆ, ಬರೆಯಲು ಬಾರದವರು ನನ್ನ ಬಳಿ ಬನ್ನಿ.

“ಇನ್ನೂ ಮೂರು ಉರುಳು ಇವೆ, ಹಜ್ರತ್” ಎಂದ ಆ ಹುಡುಗ.

“ಬೇಟಾ, ಮಗ್ರಿಬ್‌ಗೆ ಮೊದಲು ತೆಗೆದು ಬಾ” ಎಂದೆ. ತಂತಿಯನ್ನು ಸುತ್ತಿ ತಂದು ಮಸೀದಿಯ ಹೊರಗೆ ಇಟ್ಟು ಹೋಗಿದ್ದಾನೆ.